ವಾಹನದ ಕಿಟಕಿಗೆ ಬಾಳಿಕೆ ಬರುವ ಸೀಲೆಂಟ್

ಬೀಜ, ಗೊಬ್ಬರ, ತರಕಾರಿ ಸಾಗಿಸಲು ಈಗ ಅನೇಕ ರೈತರು ಪಿಕ್‌ಅಪ್ ವ್ಯಾನು ಅಥವಾ ಜೀಪು ಇಟ್ಟುಕೊಂಡಿದ್ದಾರೆ. ಟ್ರೇಲರಿನ ಮೇಲೆ ತಗಡಿನ ಗೂಡು ಕಟ್ಟಿಸಿ, ಕಿಟಕಿ ಇಡಿಸಿ, ಹಣ್ಣು ತರಕಾರಿ ಮಾರುವವರೂ ಇದ್ದಾರೆ. ಬೇಸಿಗೆಯಲ್ಲಿ ಈ ಕಿಟಕಿಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಮೊದಲ ಜಡಿಮಳೆಗೆ ಗಾಜಿನ ಅಂಚಿನಿಂದ ನೀರು ಇಳಿದು, ಒಳಗಿಟ್ಟ ಯೂರಿಯಾ ಹೆಂಟೆಗಟ್ಟಿದಾಗ ಅಥವಾ ಬಿತ್ತನೆ ಬೀಜ ಒದ್ದೆಯಾದಾಗಲೇ ನೆನಪಾಗುವುದು. ಅದಕ್ಕಿಂತ ಹೆಚ್ಚಿನ ಹಾನಿ ಕಣ್ಣಿಗೆ ಬೀಳುವುದಿಲ್ಲ. ಕಿಟಕಿಯ ಕೆಳಗಿನ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತಿರುತ್ತದೆ. ಹೊರಗೆ ಬಣ್ಣ ಉಬ್ಬುವ ಹೊತ್ತಿಗೆ ತಗಡು ತೂತಾಗುವ ಹಂತಕ್ಕೆ ಬಂದಿರುತ್ತದೆ.

ಸಾಮಾನ್ಯವಾಗಿ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಿಲಿಕೋನ್ ಟ್ಯೂಬು ತಂದು, ಹಳೆಯ ಸೀಲೆಂಟಿನ ಮೇಲೆಯೇ ಹೊರಗಿನಿಂದ ಬಳಿದುಬಿಡುವುದು ರೂಢಿಯಲ್ಲಿದೆ. ಇದು ಬಹುಬೇಗ ಸಿಪ್ಪೆಯಂತೆ ಎದ್ದು ಬರುತ್ತದೆ. ಅನೇಕ ವೇಳೆ ಇದರಲ್ಲಿ ವಸ್ತುವಿನ ದೋಷವಿರುವುದಿಲ್ಲ, ಬಳಸಿದ ಜಾಗ ಮತ್ತು ಬಳಸಿದ ರೀತಿ ತಪ್ಪಾಗಿರುತ್ತದೆ.

ವಾಹನದ ಕಿಟಕಿಯ ಸಂದು ಸ್ಥಿರವಾಗಿರುವುದಿಲ್ಲ. ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದಾಗ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಚೌಕಟ್ಟು ಸುಮಾರು 0.9 ಮಿ.ಮೀ., ಉಕ್ಕು ಸುಮಾರು 0.5 ಮಿ.ಮೀ., ಗಾಜು ಸುಮಾರು 0.35 ಮಿ.ಮೀ. ಹಿಗ್ಗುತ್ತವೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿದ್ದರೆ ಅದು 2.5 ಮಿ.ಮೀ.ಗೂ ಮಿಕ್ಕಿ ಹಿಗ್ಗುತ್ತದೆ. ಇದರ ಜೊತೆಗೆ ಹಳ್ಳಿ ರಸ್ತೆಯ ಕುಲುಕಾಟ ಬೇರೆ. ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿ ಮನೆಯ ಮರದ ಕಿಟಕಿಗೆ ಸರಿ. ವಾಹನದಲ್ಲಿ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಆದ್ದರಿಂದ ಯಾವ ಸೀಲೆಂಟ್ ಒಳ್ಳೆಯದು ಎಂದು ಕೇಳುವ ಮೊದಲು ಗಾಜು ಯಾವುದರ ಆಧಾರದಲ್ಲಿ ನಿಂತಿದೆ ಎಂಬುದನ್ನು ನೋಡಬೇಕು.

ಹಳೆಯ ಜೀಪು ಮತ್ತು ಕೆಲವು ಟ್ರ್ಯಾಕ್ಟರ್ ಕ್ಯಾಬಿನ್ನುಗಳಲ್ಲಿ ಗಾಜು ರಬ್ಬರ್ ಬೀಡಿಂಗಿನಲ್ಲಿ ಕುಳಿತಿರುತ್ತದೆ. ರಬ್ಬರು ಬಿರುಕು ಬಿಟ್ಟು ಮುದುಡಿದ್ದರೆ ರಬ್ಬರನ್ನೇ ಬದಲಿಸಬೇಕು. ಯಾವ ಸೀಲೆಂಟೂ ಸತ್ತ ರಬ್ಬರಿಗೆ ಜೀವ ಕೊಡುವುದಿಲ್ಲ. ರಬ್ಬರು ಮೆತ್ತಗಿದ್ದೂ ನೀರು ಸೋರುತ್ತಿದ್ದರೆ, ಅದರ ತುಟಿಯನ್ನು ಮೆಲ್ಲಗೆ ಎತ್ತಿ, ಗಟ್ಟಿಯಾಗದ ಜಾತಿಯ ಮ್ಯಾಸ್ಟಿಕ್ ಸೀಲೆಂಟನ್ನು ಸಣ್ಣ ಮೂತಿಯಿಂದ ಒಳಗೆ ತುಂಬಬೇಕು. ರಬ್ಬರು ಹೊಳೆಯಲೆಂದು ಗ್ರೀಸು, ಹಳೆಯ ಎಂಜಿನ್ ಆಯಿಲ್ ಸವರುವುದುಂಟು. ಅದರಿಂದ ರಬ್ಬರು ಊದಿಕೊಂಡು ಕೆಡುತ್ತದೆ.

ಟ್ರೇಲರಿನ ಗೂಡಿಗೆ ಅಲ್ಯೂಮಿನಿಯಂ ಚೌಕಟ್ಟಿನ ಕಿಟಕಿಯನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಇಲ್ಲಿ ಚೌಕಟ್ಟು ಮತ್ತು ತಗಡಿನ ನಡುವೆ ಬ್ಯೂಟೈಲ್ ಟೇಪು ಹಾಕುವುದೇ ಮೇಲು. ಇದು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಒತ್ತಡದಲ್ಲಿ ಹರಡಿ ಸಂದು ತುಂಬುತ್ತದೆ, ಸಂದು ಹಿಗ್ಗಿ ಕುಗ್ಗಿದಂತೆ ತಾನೂ ಜರುಗುತ್ತದೆ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಬೇಕು. ಎರಡು ಮೂರು ದಿನ ಬಿಸಿಲು ಕಂಡ ನಂತರ ಮತ್ತೊಮ್ಮೆ ಬಿಗಿದು, ಹೊರಗೆ ಉಕ್ಕಿದ ಭಾಗವನ್ನು ಪ್ಲಾಸ್ಟಿಕ್ ಚೂರಿನಿಂದ ಕತ್ತರಿಸಿ ತೆಗೆಯಬೇಕು. ಬ್ಯೂಟೈಲ್ ಹೊರಗೆ ತೆರೆದುಕೊಂಡಿದ್ದರೆ ಧೂಳು ಅಂಟುತ್ತದೆ. ಅದಕ್ಕೆ ಡೀಸೆಲ್, ಪೆಟ್ರೋಲ್ ತಗುಲಿದರೆ ಕರಗುತ್ತದೆ.

ಇಂದಿನ ಕಾರು, ಪಿಕ್‌ಅಪ್‌ಗಳಲ್ಲಿ ಮುಂಗಾಜನ್ನು ಸಾಮಾನ್ಯವಾಗಿ ಪಾಲಿಯುರೆಥೇನ್ ಅಂಟಿನಿಂದಲೇ ಕೂರಿಸಿರುತ್ತಾರೆ. ಈ ಅಂಟನ್ನು ಬಿಸಿಲಿನ ನೇರಳಾತೀತ ಕಿರಣ ಕೆಡಿಸುತ್ತದೆ. ಗಾಜಿನ ಅಂಚಿಗೆ ಕಪ್ಪು ಪಟ್ಟಿ ಬಳಿದಿರುವುದಕ್ಕೆ ಇದೂ ಒಂದು ಕಾರಣ. ಅಪಘಾತವಾದಾಗ ಗಾಜು ಕಿತ್ತುಬರದಂತೆ ಹಿಡಿಯುವುದು ಈ ಅಂಟೇ. ಆದುದರಿಂದ ಈ ಕೆಲಸವನ್ನು ನುರಿತ ಕುಶಲಿಗಳಿಗೇ ಬಿಡಬೇಕು. ಮುಂಗಾಜನ್ನು ಸಿಲಿಕೋನಿನಿಂದ ಅಂಟಿಸುವುದು ಪ್ರಾಣಕ್ಕೆ ಎರವಾದೀತು.

ಹಾಗಾದರೆ ಸಿಲಿಕೋನ್ ಬೇಡವೇ? ಬಿಸಿಲು ತಾಳುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಗಾಜಿನ ಹೊರ ಅಂಚಿಗೆ ಅದು ತಕ್ಕದ್ದು. ಆದರೆ ವಿನಿಗರಿನ ವಾಸನೆ ಬರುವ ಜಾತಿಯು ಒಣಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ ಉಕ್ಕು ಮತ್ತು ಸತುವಿನ ಲೇಪದ ತಗಡನ್ನು ತಿನ್ನುತ್ತದೆ. ವಾಹನಕ್ಕೆ ‘ನ್ಯೂಟ್ರಲ್’ ಎಂದು ನಮೂದಿಸಿದ ಸಿಲಿಕೋನನ್ನೇ ಕೊಳ್ಳಬೇಕು. ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಒಣಗಿದ ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಬಣ್ಣ ಹೊಡೆಯಬೇಕಾದ ತಗಡಿನ ಸಂದುಗಳಿಗೆ ಪಾಲಿಯುರೆಥೇನ್ ಸೀಲೆಂಟ್ ಆಗಬಹುದು. ಹಸಿ ಪಾಲಿಯುರೆಥೇನ್ ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲವಾದ್ದರಿಂದ ಕೈಚೀಲ ಹಾಕಿಕೊಂಡು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು.

ವಸ್ತು ಎಷ್ಟೇ ಒಳ್ಳೆಯದಿದ್ದರೂ ಮೇಲ್ಮೈ ಸಿದ್ಧತೆ ಇಲ್ಲದಿದ್ದರೆ ಬಾಳದು. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ತುಕ್ಕನ್ನು ಉಜ್ಜಿ, ಪ್ರೈಮರ್ ಹೊಡೆದು ಒಣಗಿಸಬೇಕು. ಬಳಿಕ ಸ್ಪಿರಿಟ್ಟಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಸೀಮೆಎಣ್ಣೆ ಜಿಡ್ಡು ಬಿಡುವುದರಿಂದ ಬೇಡ. ಅಕ್ರಿಲಿಕ್ ಹಾಳೆಗೆ ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಯಾವುದೂ ಕೂಡದು, ಸಾಬೂನಿನ ನೀರು ಸಾಕು. ಸೀಲೆಂಟ್ ತುಂಬುವ ಸಂದು 3 ಮಿ.ಮೀ.ಗೆ ಕಡಿಮೆ ಇರಬಾರದು. ತೆಳುವಾದ ಪದರ ಹಿಗ್ಗುವಿಕೆಗೆ ತಡೆಯದೆ ಹರಿಯುತ್ತದೆ.

ಸಿಲಿಕೋನ್, ಪಾಲಿಯುರೆಥೇನ್ ಎರಡೂ ಗಾಳಿಯ ತೇವಾಂಶದಿಂದಲೇ ಗಟ್ಟಿಯಾಗುವಂಥವು. ದಿನಕ್ಕೆ 2-3 ಮಿ.ಮೀ. ಆಳ ಗಟ್ಟಿಯಾದೀತು. ಬಯಲುಸೀಮೆಯ ಏಪ್ರಿಲ್ ತಿಂಗಳ ಒಣಹವೆಯಲ್ಲಿ ಇನ್ನೂ ತಡ. ಟ್ಯೂಬಿನ ಮೇಲಿನ ಅವಧಿ ಮುಗಿಯುವ ತಿಂಗಳನ್ನು ನೋಡದೆ ಹಣ ಕೊಡಬಾರದು.

ಕೆಲವು ಚೌಕಟ್ಟುಗಳ ಕೆಳ ಅಂಚಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಒಳಗೆ ಸೇರಿದ ನೀರು ಹೊರಹೋಗಲು ಅವನ್ನು ಬಿಟ್ಟಿರುತ್ತಾರೆ. ಸೋರುತ್ತದೆಂದು ಇವನ್ನೂ ಮುಚ್ಚಿದರೆ ನೀರು ಒಳಕ್ಕೇ ತಿರುಗುತ್ತದೆ.

ನೀರು ಕಾಣಿಸಿಕೊಳ್ಳುವ ಜಾಗವೇ ಅದು ಒಳನುಗ್ಗುವ ಜಾಗವಾಗಿರಬೇಕೆಂದಿಲ್ಲ. ಹಳೆಯ ಸೀಲೆಂಟ್ ಕೆರೆಯುವ ಮೊದಲು ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತು, ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡಬೇಕು. ಕೆಳ ಅಂಚಿನಿಂದ ಶುರುಮಾಡಿ, ಪ್ರತಿ ಅಂಚಿಗೂ ಐದು ನಿಮಿಷ ಕೊಟ್ಟು ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಅಂಚುಗಳಿಗೂ ಇಳಿದು ಏನೂ ತಿಳಿಯದು. ಸೋರಿದ ಜಾಗಕ್ಕೆ ಒಳಗಿನಿಂದ ಸೀಮೆಸುಣ್ಣದ ಗುರುತು ಹಾಕಿ, ಸೀಲೆಂಟ್ ಗಟ್ಟಿಯಾದ ಮೇಲೆ ಇದೇ ಕ್ರಮದಲ್ಲಿ ಮತ್ತೊಮ್ಮೆ ನೀರು ಬಿಟ್ಟು ನೋಡಬೇಕು.