ಕೊಂಡು ತಂದ ಆಮೆ, ಜೊತೆಗೆ ಬಂದ ಹುಳು

ಪ್ರಶ್ನೆ: ಡಾಕ್ಟ್ರೇ, ಬೆಂಗಳೂರಿನಲ್ಲಿ ಓದುವ ಮಗ ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಆಮೆಮರಿಯೊಂದನ್ನು ಅಂಗಡಿಯಲ್ಲಿ ಕೊಂಡಿದ್ದ. ಈಗ ಅಂಗೈ ಮೀರಿ ಬೆಳೆದಿದೆ, ಟಬ್ಬು ಸಾಲುತ್ತಿಲ್ಲ. ಹಳೇಬೀಡಿನ ದ್ವಾರಸಮುದ್ರ ಕೆರೆಗೆ ಬಿಟ್ಟರೆ ಪುಣ್ಯ ಎನ್ನುತ್ತಾರೆ ನಮ್ಮತ್ತೆ. ಬಿಡಬಹುದೇ?
– ಗೃಹಿಣಿ, ಹಗರೆ

ಉತ್ತರ: ದಯವಿಟ್ಟು ಬಿಡಬೇಡಿ, ತಾಯಿ. ಅದು ಅಮೆರಿಕದ ಮಿಸಿಸಿಪ್ಪಿ ಸೀಮೆಯ ರೆಡ್ ಇಯರ್ಡ್ ಸ್ಲೈಡರ್. ನಮ್ಮ ಕೆರೆಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಸಿಯುತ್ತದೆ. ಅದರ ಮೈಯೊಳಗಿನ ಪರೋಪಜೀವಿಗಳು ಇನ್ನೂ ದೊಡ್ಡ ಚಿಂತೆ. ಫ್ರಾನ್ಸ್, ಸ್ಪೇನ್‌ಗಳಲ್ಲಿ ಸಾಕಲಾರದೆ ಜನ ನೀರಿಗೆ ಬಿಟ್ಟ ಇದೇ ಜಾತಿಯ ಆಮೆಗಳಿಂದ ಅಮೆರಿಕದ ಚಪ್ಪಟೆ ಹುಳುಗಳು ಅಲ್ಲಿನ ನಾಡ ಆಮೆಗಳಿಗೆ ಹತ್ತಿವೆ. ಇಂಥ ಕೆಲವು ಹುಳುಗಳ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಈಜಿಕೊಂಡೇ ಇನ್ನೊಂದು ಆಮೆಯನ್ನು ಸೇರುತ್ತದೆ. ರಕ್ತನಾಳದಲ್ಲಿ ಬದುಕುವ ಹುಳು ಮೊದಲು ಬಸವನಹುಳುವಿನಲ್ಲಿ ಬೆಳೆಯುತ್ತದೆ. ಯುರೋಪ್ ಒಕ್ಕೂಟ 1997ರಲ್ಲಿ ಈ ಆಮೆಯ ಆಮದು ನಿಲ್ಲಿಸಿತು. ಅಷ್ಟರಲ್ಲಿ ಅವು ಕೆರೆ, ಹೊಳೆ ಸೇರಿಯಾಗಿತ್ತು.

ದೊಡ್ಡ ತೊಟ್ಟಿ ಕಟ್ಟಿಸಿ ಮನೆಯಲ್ಲೇ ಸಾಕಿ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದರ ಹಿಕ್ಕೆ ಪರೀಕ್ಷೆ ಮಾಡಿಸಿ. ತೊಟ್ಟಿಯ ನೀರನ್ನು ಹಳ್ಳ, ಚರಂಡಿಗೆ ಬಿಡದೆ ಶೌಚಾಲಯಕ್ಕೆ ಸುರಿಯಿರಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಆಮೆಗಳಿಂದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯವೂ ಬರುತ್ತದೆ. ಸಾಕಲು ಆಗುವುದೇ ಇಲ್ಲವೆಂದರೆ ಬೇಲೂರಿನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನೆಂಟರ ಹುಡುಗ ಆಫ್ರಿಕಾದ ಬಾಲ್ ಪೈಥಾನ್ ಹಾವು ಸಾಕಿದ್ದಾನೆ. ಅದರ ಹುರುಪೆಗಳ ಸಂದಿಯಲ್ಲಿ ಉಣ್ಣೆ ಹುಳ ಕಂಡವು. ಪಕ್ಕದಲ್ಲೇ ನಮ್ಮ ಕುರಿ ಕೊಟ್ಟಿಗೆ. ಭಯವಿದೆಯೇ?
– ಕುರಿ ಸಾಕಣೆದಾರ, ಹಗರೆ

ಉತ್ತರ: ಆ ಹಾವಿನ ಉಣ್ಣೆಗಳು ಹೆಚ್ಚಾಗಿ ಹಾವುಗಳನ್ನೇ ಹಿಡಿಯುತ್ತವೆ. ಹಾಗೆಂದು ಸದರ ಬೇಡ. ಆಫ್ರಿಕಾದಿಂದ ಅಮೆರಿಕದ ಫ್ಲಾರಿಡಾಕ್ಕೆ ಹೋದ ಆಮೆಗಳ ಉಣ್ಣೆಗಳಲ್ಲಿ ಹಾರ್ಟ್‌ವಾಟರ್ ರೋಗಾಣು ಸಿಕ್ಕಿತ್ತು. ಕುರಿ, ಮೇಕೆ, ದನಗಳನ್ನು ಕೊಲ್ಲುವ ರೋಗವದು. 2000ದ ಮಾರ್ಚ್‌ನಲ್ಲಿ ಅಮೆರಿಕ ಮೂರು ಜಾತಿಯ ಆಫ್ರಿಕನ್ ಆಮೆಗಳ ಆಮದನ್ನೇ ನಿಷೇಧಿಸಿತು.

ಹಾವನ್ನು ಕೊಟ್ಟಿಗೆಯಿಂದ ದೂರದ ಕೋಣೆಗೆ ಸಾಗಿಸಲು ಹೇಳಿ. ಉಣ್ಣೆಯನ್ನು ಚಿಮಟದಿಂದ ಕಿತ್ತು ಸ್ಪಿರಿಟ್ ತುಂಬಿದ ಬಾಟಲಿಗೆ ಹಾಕಿ, ಪಶುವೈದ್ಯರಿಗೆ ತೋರಿಸಿ, ಉಗುರಿನಲ್ಲಿ ಹಿಸುಕಬೇಡಿ. ಪೆಟ್ಟಿಗೆಯ ಹಾಸು ಸುಟ್ಟು, ಸಂದುಗೊಂದು ಉಜ್ಜಿ ತೊಳೆಯಲಿ. ಹೊಸ ಪ್ರಾಣಿ ಯಾವುದೇ ಬಂದರೂ ಮೂರು ತಿಂಗಳು ಬೇರೆಯಾಗಿರಬೇಕು. ಕುರಿಯ ಔಷಧಿಯನ್ನು ಸಾಕಿದ ಹಾವು, ಆಮೆಗಳಿಗೆ ತಾವೇ ಕೊಡುವುದು ಬೇಡ: ಕುರಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗಳ ಪ್ರಾಣ ತೆಗೆಯುತ್ತದೆ.

ಆ ಹಾವು ಎಲ್ಲಿಂದ ಬಂತೆಂದೂ ಕೇಳಿ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 234 ಜೀವಿಗಳು ಸಿಕ್ಕವು, ಹೆಬ್ಬಾವುಗಳೂ ಇದ್ದವು. ಕದ್ದು ತಂದ ಪ್ರಾಣಿಗೆ ಕ್ವಾರಂಟೈನ್ ಇಲ್ಲ, ವೈದ್ಯರ ತಪಾಸಣೆಯಿಲ್ಲ. ಉಣ್ಣೆಯೂ ಹುಳುವೂ ಹಾಗೇ ಊರು ತಲುಪುತ್ತವೆ. 2024ರ ನಿಯಮದಂತೆ ಇಂಥ ಹಾವನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಆ ನೋಂದಣಿಯ ಕಾಗದ ತೋರಿಸದ ಮಾರಾಟಗಾರನಿಂದ ಯಾರೂ ಕೊಳ್ಳಬೇಡಿ. ಕೊಳ್ಳುವವರು ನಿಂತರೆ ತರುವವರೂ ನಿಲ್ಲುತ್ತಾರೆ. ನಿಮ್ಮ ಕುರಿಗೂ ನಮ್ಮ ಕೆರೆಗೂ ಅದಕ್ಕಿಂತ ಗಟ್ಟಿ ಕಾವಲಿಲ್ಲ.