ಊಟದ ನಂತರದ ಹೊಟ್ಟೆನೋವು: ಕರುಳಿನ ರಕ್ತನಾಳಗಳ ತೊಂದರೆ

ಹೃದಯದ ರಕ್ತನಾಳ ಕಟ್ಟಿದರೆ ಹೃದಯಾಘಾತ, ಮೆದುಳಿನದು ಕಟ್ಟಿದರೆ ಲಕ್ವ ಆಗುತ್ತದೆಂಬುದು ಎಲ್ಲರಿಗೂ ಗೊತ್ತು. ಕರುಳಿಗೂ ಇಂಥದೇ ಗತಿ ಬರಬಹುದೆಂಬುದು ಮಾತ್ರ ಬಹಳ ಜನರಿಗೆ ತಿಳಿದಿಲ್ಲ.

ಜಠರಕ್ಕೂ ಕರುಳಿಗೂ ಮೂರು ಮುಖ್ಯ ನಾಳಗಳು ರಕ್ತ ಒಯ್ಯುತ್ತವೆ. ಊಟ ಮಾಡಿದಾಗ ಪಚನಕ್ಕಾಗಿ ಕರುಳಿಗೆ ಹೆಚ್ಚು ರಕ್ತ ಬೇಕು. ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕೂಡಿ ದಾರಿ ಕಿರಿದಾಗಿದ್ದರೆ ಅಷ್ಟು ರಕ್ತ ಬರುವುದಿಲ್ಲ. ಆಗ ಉಂಡ ಒಂದು ತಾಸಿನೊಳಗೆ ಹೊಟ್ಟೆನೋವು ಶುರುವಾಗಿ, ಎರಡು-ಮೂರು ತಾಸು ಕಾಡಿ ತಾನೇ ಇಳಿಯುತ್ತದೆ. ಒಂದು ನಾಳ ಕಿರಿದಾದರೆ ಉಳಿದವು ನಿಭಾಯಿಸುತ್ತವೆ. ಸಾಮಾನ್ಯವಾಗಿ ಎರಡಾದರೂ ಕೆಟ್ಟ ಮೇಲೆಯೇ ನೋವು ಕಾಣುವುದು.

ನೋವಿಗೆ ಹೆದರಿ ರೋಗಿ ಊಟವನ್ನೇ ಕಡಿಮೆ ಮಾಡುತ್ತಾರೆ, ದಿನೇದಿನೇ ಸೊರಗುತ್ತಾರೆ. ಮನೆಯವರು ‘ವಯಸ್ಸಾಯಿತು, ಊಟ ಸೇರುತ್ತಿಲ್ಲ’ ಎನ್ನುತ್ತಾರೆ, ಇಲ್ಲವೆ ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಗುಳಿಗೆ ಕೊಡುತ್ತಾರೆ. ಪ್ರಸಾದ ಕೆಡಿಸಬಾರದೆಂದು ಬಲವಂತವಾಗಿ ಉಣಿಸುವವರೂ ಉಂಟು. ಅದಕ್ಕಿಂತ ಮೊದಲೇ ಸ್ವಲ್ಪ ಬಡಿಸುವುದು ಲೇಸು. ‘ಅಜ್ಜಾ, ಹಸಿವಿಲ್ಲವೋ, ಉಂಡರೆ ನೋಯುತ್ತದೆಂದು ಬಿಡುತ್ತೀರೋ?’ ಎಂದು ಒಮ್ಮೆ ಕೇಳಿರಿ. ಉತ್ತರ ಎರಡನೆಯದಾದರೆ ಅದನ್ನು ವೈದ್ಯರಿಗೆ ಹೇಳಿರಿ. ಬೀಡಿ, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಮುಖ್ಯವಾಗಿ ಗಮನಿಸಬೇಕು. ಹೆಂಗಸರಿಗೂ ಇದು ಬರುತ್ತದೆ.

ಎಂಡೋಸ್ಕೋಪಿಯಲ್ಲಿ ಈ ನಾಳಗಳು ಕಾಣುವುದಿಲ್ಲ. ಆದ್ದರಿಂದ ‘ರಿಪೋರ್ಟ್ ನಾರ್ಮಲ್’ ಎಂದು ಸುಮ್ಮನಾಗಬೇಡಿರಿ. ಡಾಪ್ಲರ್ ಅಥವಾ ಸಿ.ಟಿ. ಆಂಜಿಯೋಗ್ರಾಂ ಮಾಡಿದರೆ ತಿಳಿಯುತ್ತದೆ. ಬಲೂನಿನಿಂದ ನಾಳ ಹಿಗ್ಗಿಸಿ ಸ್ಟೆಂಟ್ ಇಡಬಹುದು. ಕೆಲವರಿಗೆ ಬೈಪಾಸ್ ಬೇಕಾಗುತ್ತದೆ. ತಂಬಾಕನ್ನಂತೂ ಪೂರ್ತಿ ಬಿಡಲೇಬೇಕು.

ನಾಳ ಒಮ್ಮೆಲೇ ಕಟ್ಟಿಕೊಂಡರೆ ಮಾತ್ರ ಜೀವಕ್ಕೇ ಅಪಾಯ. ಹೃದಯದ ಬಡಿತ ತಪ್ಪುವವರಲ್ಲಿ, ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವೇ ನಿಲ್ಲಿಸಿದವರಲ್ಲಿ, ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತದ ತುಣುಕು ಹರಿದುಬಂದು ಕರುಳಿನ ನಾಳಕ್ಕೆ ಸಿಕ್ಕಿಕೊಳ್ಳಬಹುದು. ಆಗ ಇದ್ದಕ್ಕಿದ್ದಂತೆ ತಡೆಯಲಾರದ ನೋವು, ವಾಂತಿ, ಕೆಲವೊಮ್ಮೆ ಭೇದಿ. ಆದರೆ ಹೊಟ್ಟೆ ಮುಟ್ಟಿ ನೋಡಿದರೆ ಮೊದಮೊದಲು ಮೆತ್ತಗೇ ಇರುತ್ತದೆ. ಇದರಿಂದಲೇ ಅನೇಕರು ಮೋಸ ಹೋಗುವುದು. ಕೆಲವೇ ತಾಸುಗಳಲ್ಲಿ ಕರುಳು ಕೊಳೆಯತೊಡಗುತ್ತದೆ. ಬೇಗ ಬಂದರೆ ಹೆಪ್ಪು ತೆಗೆದು ಕರುಳು ಉಳಿಸಬಹುದು. ತಡವಾದರೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಆಗಲೂ ಪ್ರಾಣ ಉಳಿಯುವ ಭರವಸೆ ಕಡಿಮೆ.

ಹೊಟ್ಟೆ ನೀವಬೇಡಿರಿ, ಹರಳೆಣ್ಣೆ ಕುಡಿಸಬೇಡಿರಿ, ಬೆಳಗಾಗಲೆಂದು ಕಾಯಬೇಡಿರಿ. ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ರಾತ್ರಿಯೇ ಹೊರಡಿರಿ. ಹಳೆಯ ಚೀಟಿಗಳನ್ನೂ ನುಂಗುತ್ತಿರುವ ಗುಳಿಗೆಗಳನ್ನೂ ಜೊತೆಗೆ ತನ್ನಿರಿ. ಹೃದಯದ ತೊಂದರೆ ಇದ್ದರೆ ಕೇಳುವ ಮೊದಲೇ ಹೇಳಿರಿ.