ಅಪ್ಪ ಹೋದ ಮನೆಯಲ್ಲಿ ಅಮ್ಮನ ಹಕ್ಕು

ತಾಯಿ ಹಲವು ವರ್ಷಗಳಿಂದ ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ನೋಡಿಕೊಳ್ಳುತ್ತಿದ್ದ ತಂದೆ ಹಠಾತ್ತನೆ ತೀರಿಕೊಂಡಿದ್ದಾರೆ. ಬೆಳಿಗ್ಗೆ ಯಾವ ಮಾತ್ರೆ, ರಾತ್ರಿ ಯಾವುದು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಆಸ್ಪತ್ರೆಯ ಚೀಟಿ ಬೀರುವಿನ ಯಾವುದೋ ಕವರಿನಲ್ಲಿದೆ. ತಿಥಿ ಮುಗಿಯುವಷ್ಟರಲ್ಲಿ ಅಮ್ಮನ ಮಾತ್ರೆ ತಪ್ಪಿ ವಾರ ಕಳೆದಿರುತ್ತದೆ. ಅದೇ ಹೊತ್ತಿಗೆ ನೆಂಟರಲ್ಲೊಬ್ಬರು ಮಕ್ಕಳನ್ನು ಪಕ್ಕಕ್ಕೆ ಕರೆದು, "ಅವಳಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಒಂದು ಹೆಬ್ಬೆಟ್ಟು ಒತ್ತಿಸಿ ಎಲ್ಲ ನಿಮ್ಮ ಹೆಸರಿಗೆ ಮಾಡಿಸಿಕೊಂಡುಬಿಡಿ" ಎನ್ನುತ್ತಾರೆ.

ಈ ಸಲಹೆಯಲ್ಲೇ ಅದರ ತಪ್ಪೂ ಇದೆ. ಬರೆದದ್ದು ಏನೆಂದು ತಿಳಿಯುವ ಸ್ಥಿತಿಯಲ್ಲಿ ಆಕೆ ಇಲ್ಲದಿದ್ದರೆ ಆ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ತಿಳಿಯುವ ಸ್ಥಿತಿಯಲ್ಲಿದ್ದರೆ ಆಕೆಯನ್ನೇ ಕೇಳಬೇಕು.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ, ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಆತನ ತಾಯಿ ಬದುಕಿದ್ದರೆ ಆಕೆಯೂ ಸಮಪಾಲಿನ ವಾರಸುದಾರರು. ಇದೇ ಕಾಯ್ದೆಯ 28ನೇ ಕಲಂ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಕಾಯಿಲೆಯ ಅಥವಾ ನ್ಯೂನತೆಯ ಕಾರಣಕ್ಕೆ ಯಾರೂ ವಾರಸು ಹಕ್ಕು ಕಳೆದುಕೊಳ್ಳುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೂ, ಪೌತಿ ಖಾತೆಗೆ ದಾಖಲೆ ಸಲ್ಲಿಸುವಾಗಲೂ ತಾಯಿಯ ಹೆಸರು ಬಿಡಬೇಡಿ. ಬ್ಯಾಂಕಿನ ಠೇವಣಿಗೆ ಮಗನ ಹೆಸರು ನಾಮಿನಿ ಎಂದಿದ್ದರೂ ಹಣ ಅವನೊಬ್ಬನದಾಗುವುದಿಲ್ಲ. ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು. ಬೇರೆ ಧರ್ಮದವರಿಗೆ ಪಾಲಿನ ಲೆಕ್ಕ ಬೇರೆ. ಅದನ್ನು ವಕೀಲರಲ್ಲಿ ಕೇಳಿ ತಿಳಿಯಬೇಕು.

ತಾಯಿ ತಾನಾಗಿ ಪಾಲು ಬಿಟ್ಟುಕೊಡಲು ಬಯಸಬಹುದು. ಹಕ್ಕು ಬಿಡುಗಡೆ ಪತ್ರ ನಿಲ್ಲಬೇಕಾದರೆ ಸಹಿ ಹಾಕುವ ಹೊತ್ತಿನಲ್ಲಿ ಆಕೆಗೆ ಅದರ ಅರ್ಥವೂ ತನಗಾಗುವ ಲಾಭನಷ್ಟವೂ ತಿಳಿದಿರಬೇಕು. ಆಗಾಗ ಸ್ಥಿಮಿತ ತಪ್ಪುವವರೂ ಸ್ಥಿಮಿತದಲ್ಲಿರುವಾಗ ಕರಾರು ಮಾಡಿಕೊಳ್ಳಬಹುದು ಎಂದು 1872ರ ಕರಾರು ಕಾಯ್ದೆಯೇ ಒಪ್ಪಿದೆ. ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಕಂಡರೆ ಸಬ್ ರಿಜಿಸ್ಟ್ರಾರ್ ಆ ಪತ್ರ ನೋಂದಾಯಿಸಲು ನಿರಾಕರಿಸಬೇಕು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರೂ ಅಸ್ವಸ್ಥಚಿತ್ತರೆಂದು ಆಗುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ನೆಂಟರಲ್ಲ, ಡಾಕ್ಟರ ಚೀಟಿಯೂ ಅಲ್ಲ. ಆಕೆಗೆ ನಿಜಕ್ಕೂ ವ್ಯವಹಾರ ನಡೆಸಲಾಗದಿದ್ದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಕಲಂ 14ರಲ್ಲಿ ಸೀಮಿತ ಪಾಲಕರನ್ನು ನೇಮಿಸಿಕೊಳ್ಳಲು ದಾರಿ ಇದೆ. ಅಲ್ಲೂ ಪಾಲಕರು ಆಕೆಯೊಂದಿಗೆ ಕೂತು, ಆಕೆಯ ಇಚ್ಛೆ ತಿಳಿದು ತೀರ್ಮಾನಿಸಬೇಕು. ಮನೆಯಲ್ಲಿ 18 ತುಂಬದ ಮಕ್ಕಳಿದ್ದರೆ ಅವರ ಪಾಲಿನ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ.

ಇವೆಲ್ಲಕ್ಕೂ ಮರಣ ಪ್ರಮಾಣಪತ್ರ ಬೇಕು. 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ.

ಆದರೆ ಕಾಗದಪತ್ರಕ್ಕಿಂತ ಮೊದಲು ಔಷಧಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಸರ್ಕಾರಿ ಸೌಲಭ್ಯದಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡಬೇಕು. ಹಳೆಯ ಚೀಟಿ ಸಿಗದಿದ್ದರೆ ಹಿಂದೆ ತೋರಿಸಿದ ಆಸ್ಪತ್ರೆಯಲ್ಲಿ ತನ್ನ ದಾಖಲೆ ಕೇಳಿ ಪಡೆಯುವ ಹಕ್ಕು ತಾಯಿಗಿದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವೆನಿಸಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅಪ್ಪನನ್ನು ಕಳೆದುಕೊಂಡು ನಿದ್ದೆ ಬಾರದ ಮಕ್ಕಳೂ ಅಲ್ಲಿಗೆ ಕರೆ ಮಾಡಬಹುದು. ಅಮ್ಮನನ್ನು ಸಂಭಾಳಿಸುವ ಗಡಿಬಿಡಿಯಲ್ಲಿ ತಮ್ಮ ದುಃಖವನ್ನು ನುಂಗಿಕೊಂಡ ಮಕ್ಕಳನ್ನು ನಾವು ಗಮನಿಸುವುದು ಕಡಿಮೆ.

ತಂದೆಯ ಸಾವಿನಿಂದ ಇನ್ನೊಂದು ಸ್ಥಾನವೂ ಖಾಲಿಯಾಗಿರುತ್ತದೆ. ಚಿಕಿತ್ಸೆಯ ವಿಷಯದಲ್ಲಿ ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಸ್ಥಾನ ಅದು. ತಾಯಿ ಸ್ವಲ್ಪ ಸುಧಾರಿಸಿಕೊಂಡ ಒಂದು ದಿನ ಬಿಳಿ ಹಾಳೆಯ ಮೇಲೆ, "ನನ್ನ ಮಗಳನ್ನು ಪ್ರತಿನಿಧಿಯಾಗಿ ನೇಮಿಸಿದ್ದೇನೆ" ಎಂದು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಮಗಳು ಒಪ್ಪಿಗೆಯನ್ನು ಬರೆದುಕೊಡಬೇಕು, ಅವಳಿಗೆ 18 ತುಂಬಿರಬೇಕು. ತಾಯಿ ಯಾವಾಗ ಬೇಕಾದರೂ ಪ್ರತಿನಿಧಿಯನ್ನು ಬದಲಾಯಿಸಬಹುದು. ಯಾರನ್ನೂ ನೇಮಿಸದಿದ್ದರೆ ಮೊದಲು ಸಂಬಂಧಿಕರಿಗೆ, ನಂತರ ಆರೈಕೆ ಮಾಡುವವರಿಗೆ ಆ ಹೊಣೆ ಬರುತ್ತದೆ. ಈ ಹೊಣೆ ಚಿಕಿತ್ಸೆಗಷ್ಟೇ ಸಂಬಂಧಿಸಿದ್ದು. ಪ್ರತಿನಿಧಿ ಆದವರಿಗೆ ಆಸ್ತಿಯ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ.

ಗಂಡ ಸತ್ತ ಹೆಂಗಸು ಅಳುತ್ತಾಳೆ, ಊಟ ಬಿಡುತ್ತಾಳೆ, ಮಾತು ನಿಲ್ಲಿಸುತ್ತಾಳೆ. ಅಷ್ಟಕ್ಕೇ ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ ಸೇರಿಸಲಾಗದು. ತನಗೆ ಅಪಾಯ ಮಾಡಿಕೊಳ್ಳುವ ಬೆದರಿಕೆ ಅಥವಾ ಯತ್ನ, ಇತರರ ಮೇಲೆ ಹಿಂಸೆ, ಇಲ್ಲವೇ ತನ್ನನ್ನೇ ನೋಡಿಕೊಳ್ಳಲಾಗದೆ ತನಗೆ ಹಾನಿಯಾಗುವ ಸ್ಥಿತಿ ಇರಬೇಕು. ಜೊತೆಗೆ, ಬೇರೆಯವರ ಬೆಂಬಲವಿಲ್ಲದೆ ಚಿಕಿತ್ಸೆಯ ಬಗ್ಗೆ ತೀರ್ಮಾನಿಸಲು ಆಕೆಗೆ ಸಾಧ್ಯವಾಗದಿರಬೇಕು. ಆಗ ಪ್ರತಿನಿಧಿ ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು. ಇಂಥ ದಾಖಲಾತಿಗೆ ಮೊದಲ ಮಿತಿ 30 ದಿನ. ಮಹಿಳೆಯನ್ನು ಹೀಗೆ ಸೇರಿಸಿಕೊಂಡರೆ ಆಸ್ಪತ್ರೆ 3 ದಿನಗಳೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ದಾಖಲಾತಿಯನ್ನು ಪ್ರಶ್ನಿಸಿ ಆಕೆಯೇ ಮಂಡಳಿಗೆ ಅರ್ಜಿ ಹಾಕಬಹುದು. ನಡುರಾತ್ರಿ ಪ್ರಾಣಕ್ಕೇ ಅಪಾಯ ಬಂದರೆ ಮನೋವೈದ್ಯರಿಗೆ ಕಾಯಬೇಕಿಲ್ಲ. ನೋಂದಾಯಿತ ವೈದ್ಯರು ಯಾರೇ ಆಗಲಿ, ಸಾಮಾನ್ಯವಾಗಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಬಹುದು.

ಮಾನಸಿಕ ಕಾಯಿಲೆ ಇರುವವರಿಗೆ ಸರಪಳಿ ಹಾಕುವುದನ್ನು 2017ರ ಕಾಯ್ದೆ ಸಂಪೂರ್ಣ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಸುಟ್ಟುಹೋದರು. ನಿಮ್ಮ ಬೀದಿಯ ಯಾವುದಾದರೂ ಮನೆಯಲ್ಲಿ ಇಂಥವರನ್ನು ಕೂಡಿಹಾಕಿದ್ದರೆ, ಹಿಂಸಿಸುತ್ತಿದ್ದರೆ, ನೆರೆಯವರಾಗಿ ನೀವೂ ಠಾಣೆಗೆ ತಿಳಿಸಬಹುದು. ಪೊಲೀಸರು ಅದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು.

ಚಿಕ್ಕ ಮಕ್ಕಳಿದ್ದು ಗಳಿಕೆ ನಿಂತುಹೋಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಅರ್ಹ ಕುಟುಂಬದ ಮಗುವಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಾಯಿಗೆ ವಿಧವಾ ವೇತನಕ್ಕೆ, ಅಂಗವಿಕಲತೆಯ ಗುರುತಿನ ಚೀಟಿಗೆ ಅರ್ಜಿ ಹಾಕಿಸಿ. ಮಾನಸಿಕ ಕಾಯಿಲೆ 2016ರ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದು.

ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100. ಮಹಿಳೆಗೆ, ಮಾನಸಿಕ ಕಾಯಿಲೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತ. ಅಮ್ಮನ ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು ಆ ಪತ್ರ ಹಿಡಿದುಕೊಂಡು, ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು, ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.